ಪುಷ್ಯ ಮಳೆ, ಮೊದಲನೇ ಪಾದ

ಮರಳಿನ ಗಡಿಯಾರ ಕಂಪ್ಯೂಟರ್ ಪರದೆಯ ನಟ್ಟನಡುವೆ ನಿಂತುಬಿಟ್ಟಿದೆ, ಹುಣಸೆಬೀಜದಷ್ಟು ಗಾತ್ರ, ಮರಳು ಬೀಳುತ್ತಿರುವ ಹಾಗೆ ಬರೆದಿದ್ದಾರೆ, ಬೀಳುವುದಿಲ್ಲ, ಬರೆದವನು ಯಾರೋ ಕಾದು ಗೊತ್ತಿಲ್ಲದವನು, ಒಂದೇ ಒಂದು ಸಂಜೆ ಶ್ರೀರಂಗಪಟ್ಟಣದ ಸ್ಟ್ಯಾಂಡಿನಲ್ಲಿ ಅರಕೆರೆ ಬಸ್ಸಿಗೆ ನಿಂತಿದ್ದರೆ ಗಡಿಯಾರ ಬಿಟ್ಟು ಬೀಡಿ ಸೇದುತ್ತ ಕೂತ ಕಂಡಕ್ಟರನನ್ನು ಬರೆಯುತ್ತಿದ್ದ — ಬೆನ್ನ ಹಿಂದೆ ಮೂರು ಉಸಿರು. ವೀಳ್ಯದ ವಾಸನೆಯದು ನಮ್ಮ ಕಬ್ಬು ಬೆಳೆಗಾರರ ಸಂಘದ ಸೆಕ್ರೆಟರಿ ಚಿಕ್ಕಸ್ವಾಮಿಯವರದು, ನಮ್ಮೂರಿನವರೇ, ದೊಡ್ಡಮನೆಯವರು. ಪೌಡರಿನ ವಾಸನೆಯದು ಮೈಸೂರಿನಿಂದ ಬಂದಿರುವ ಕಂಪ್ಯೂಟರ್ ಡೀಲರು ರವೀಂದ್ರನದು, ಟೈ ಕಟ್ಟಿದ್ದಾನೆ, ಸೆಪ್ಟೆಂಬರಿನ ಈ ಸೆಖೆಯಲ್ಲಿ ಟೈ. ಮೂರನೆಯದು ಬಾಗಿಲಲ್ಲಿ, ಒಳಗೂ ಅಲ್ಲ ಹೊರಗೂ ಅಲ್ಲ, ಫೀಲ್ಡ್‌ಮನ್ ನಾಗರಾಜು, ಸೈಕಲ್ಲಿನ ಕ್ಲಿಪ್ಪು ಇನ್ನೂ ಪ್ಯಾಂಟಿನ ಕಾಲನ್ನು ಕಚ್ಚಿಕೊಂಡಿದೆ. ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದಾರೆ — ಅಲ್ಲ, ಹೇಳಬೇಕಾದ್ದನ್ನು ಯಾವಾಗ ಹೇಳುತ್ತೇನೋ ಎಂದು. ಹೇಳಬೇಕಾದ್ದು ಬೆಳಗ್ಗೆಯೇ ತೀರ್ಮಾನವಾಗಿದೆ, ಸೆಕ್ರೆಟರಿಯವರು ಕಾಫಿ ತರಿಸಿದರು, ಎರಡು ವರ್ಷದಲ್ಲಿ ಮೊದಲ ಸಲ ಒಂದು ಲೋಟ ನನ್ನ ಮೇಜಿಗೂ ಬಂತು, ನೋಡು ಮಾದೇವಿ, ರವೀಂದ್ರಪ್ಪಾರು ತಂದಿರೋದೇ ಚೆಂದಾಗದೆ ಅಂತ ಒಂದ್ಮಾತು ಅಂದ್ಬುಡು, ಒಂದು ಗುಟುಕು, ನಿನ್ನ ಪರ್ಮನೆಂಟ್ ವಿಚಾರಾನೂ ಮುಂದ್ಲ ಕಮಿಟಿಗೆ ಬತ್ತದೆ. ಎರಡು ವಾಕ್ಯ, ನಡುವೆ ಗುಟುಕು, ಜೋಡಿಸುವ ಕೆಲಸ ನನಗೆ ಬಿಟ್ಟರು. ಹೋದ ವಾರ ಕಮಿಟಿಯವರು ಆಪರೇಟರು ಆರಿಸಿದ್ದೇ ಕೊನೆ ಎಂದು ಒಮ್ಮತದಿಂದ ತೀರ್ಮಾನಿಸಿದ್ದು ನನ್ನ ಮೇಲಿನ ಗೌರವದಿಂದಲ್ಲ, ತಮಗೆ ಇದು ಅರ್ಥವಾಗುವುದಿಲ್ಲ ಎಂದು ಯಾರು ಮೊದಲು ಬಾಯಿ ಬಿಡುವುದು ಎಂಬ ಸಂಕೋಚದಿಂದ, ಆ ಸಂಕೋಚದ ಸಂದಿಯಲ್ಲಿ ನಾನು ಕೂತಿದ್ದೇನೆ, ಚಲುವಯ್ಯನ ಮಗಳು ಮಹದೇವಮ್ಮ, ಪಾಂಡವಪುರದಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸು, ತಾತ್ಕಾಲಿಕ.

ಇಷ್ಟಕ್ಕೂ ಆರಿಸಬೇಕಾದ್ದು ಏನು, ಒಂದು ಕಿಟಕಿ, ಅಷ್ಟೇ, ಯಾರ ಕಬ್ಬು ಯಾವಾಗ ನಾಟಿ ಎಂಬ ಬೆಳೆಗಾರರ ಕೋಷ್ಟಕವನ್ನು ನೋಡಲು ಒಂದು ಪ್ರೋಗ್ರಾಮು, ಒಂದು ಕಿಟಕಿ, ನೋಡಿ ತಿದ್ದಲು. ಮೊದಲಿದ್ದ ಕಪ್ಪು ಪರದೆಯ ಪ್ರೋಗ್ರಾಮಿನಲ್ಲಿ ಒಬ್ಬ ಬೆಳೆಗಾರ ಕಾಣಬೇಕಾದರೆ ಅವನ ನಂಬರು ಕುಟ್ಟಬೇಕು, ಅವನೊಬ್ಬನೇ ಬರುತ್ತಾನೆ, ಪೊಲೀಸ್ ಸ್ಟೇಷನ್ನಿಗೆ ಕರೆಸಿದ ಹಾಗೆ, ಪಕ್ಕದವನು ಯಾರು ಮುಂದಿನವನು ಯಾರು ಗೊತ್ತಾಗುವುದಿಲ್ಲ; ಅದನ್ನು ಬರೆದುಕೊಟ್ಟ ಹುಡುಗ ನಾಗಮಂಗಲಕ್ಕೆ ಅಳಿಯನಾಗಿ ಹೋದವನು ಬರುತ್ತೀನಿ ಅಂದ, ಬರಲೇ ಇಲ್ಲ, ಮಾವನ ತೆಂಗಿನ ತೋಟದಲ್ಲಿ ಅವನಿಗೆ ಬೇರೆ ಲೆಕ್ಕಗಳಿವೆ. ಆಮೇಲೆ ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಕಂಪ್ಯೂಟರ್ ಪತ್ರಿಕೆಯ ಮುಖಪುಟಕ್ಕೆ ಗೋಂದಿನಲ್ಲಿ ಅಂಟಿಸಿದ್ದ ಸೀಡಿ, ಅದರೊಳಗೆ ನೂರೆಂಟು ಪುಗಸಟ್ಟೆ ಸಾಮಾನು, ಅದರಲ್ಲಿ ಮೂರು ನಮ್ಮ ಕೋಷ್ಟಕವನ್ನು ತೆಗೆಯುತ್ತೇವೆ ಅಂದವು. ಮೂರನ್ನೂ ಕೂರಿಸಿಕೊಂಡು ನೋಡಿದೆ, ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಹೇಗೆ ನೋಡಿದ್ದರೋ ಹಾಗೆ, ನಡೆ ನೋಡೋಣ, ಓದು ನೋಡೋಣ, ಹಾಡು ಬರುತ್ತಾ. ಮೊದಲನೆಯದು ಬಲು ಸುಂದರ, ಇಡೀ ಕೋಷ್ಟಕವನ್ನು ಗೆರೆ ಹೊಡೆದು ತೋರಿಸಿತು, ಆದರೆ ಮುಟ್ಟಗೊಡಲಿಲ್ಲ, ದರಿಯಾ ದೌಲತ್ತಿನ ಗಾಜಿನ ಪೆಟ್ಟಿಗೆಯಲ್ಲಿ ಕತ್ತಿ ಇಟ್ಟ ಹಾಗೆ, ನೋಡಿ ಮುಂದೆ ನಡೆಯಿರಿ. ಎರಡನೆಯದು ತಿದ್ದಲು ಬಿಟ್ಟಿತು, ಬಿಟ್ಟಿತು ಅಂದರೆ ಏನನ್ನೂ ಕೇಳಲಿಲ್ಲ, ಕೈ ತಾಗಿ ಒಂದು ಗುಂಡಿ ಒತ್ತಿದ್ದಕ್ಕೆ ಇಡೀ ಅರಕೆರೆಯನ್ನು ಅಳಿಸಿ ಸುಮ್ಮನೆ ಕೂತಿತು, ಪುಣ್ಯಕ್ಕೆ ನಾನು ನಕಲಿನ ಮೇಲೆ ನೋಡುತ್ತಿದ್ದೆ, ಇಲ್ಲದಿದ್ದರೆ ಕಾಲುವೆ ಕೆಳಗಿನ ಅಷ್ಟೂ ಕಬ್ಬು ಭೂಮಿಯ ಮೇಲಿದ್ದು ಸಂಘದಲ್ಲಿ ಇಲ್ಲವಾಗುತ್ತಿತ್ತು. ಮೂರನೆಯದು, ಈಗ ಬಾಗಿಲು ತೆಗೆಯದೆ ಗಡಿಯಾರ ಹಿಡಿದು ನಿಂತಿರುವುದು ಇದೇ, ತೋರಿಸುತ್ತದೆ, ತಿದ್ದಲು ಬಿಡುತ್ತದೆ, ಹೊಸ ಅಂಕಣ ಸೇರಿಸಲು ಬಿಡುತ್ತದೆ, ತಲೆಪಟ್ಟಿಯ ಮೇಲೆ ಒತ್ತಿದರೆ ಸಾಲುಗಳನ್ನು ಅದರ ಪ್ರಕಾರ ಜೋಡಿಸುತ್ತದೆ, ಮತ್ತೆ ಎಲ್ಲ ಮುಗಿದ ಮೇಲೆ ಉಳಿಸಲೇ, ಬೇಡವೇ ಎಂದು ಮರ್ಯಾದೆಯಿಂದ ಕೇಳುತ್ತದೆ. ಬರೆದವನು ಯಾವುದೋ ಚಳಿ ದೇಶದವನು, ದುಡ್ಡು ಬೇಡ, ಇಷ್ಟವಾದರೆ ನಿಮ್ಮ ಊರಿನ ಚಿತ್ರವಿರುವ ಒಂದು ಕಾರ್ಡು ಕಳಿಸಿ ಎಂದು ವಿಳಾಸ ಕೊಟ್ಟಿದ್ದಾನೆ, ಗುಂಬಜ್‌ನ ಚಿತ್ರ ಕಳಿಸಿದೆ, ಅಂಚೆ ಕಚೇರಿಯವನು ಕಾರ್ಡನ್ನೂ ನನ್ನನ್ನೂ ತಿರುಗಿಸಿ ತಿರುಗಿಸಿ ನೋಡಿದ. ರವೀಂದ್ರನಿಗೆ ಇದನ್ನು ಹೇಳಿದಾಗ ಎಷ್ಟು ನಕ್ಕ, ಮೇಡಂ, ಕಾರ್ಡ್ ಕೇಳೋನು ನಾಳೆ ಏನಾದ್ರೂ ಕೆಟ್ಟೋದ್ರೆ ಬರ್ತಾನಾ, ಫ್ರೀ ಕೊಟ್ಟೋನಿಗೆ ಜವಾಬ್ದಾರಿ ಇರುತ್ತಾ? ಹಣ ಕೊಟ್ಟು ಬರೆಸಿದ ಹುಡುಗ ನಾಗಮಂಗಲದಲ್ಲಿ ತೆಂಗಿನಕಾಯಿ ಎಣಿಸುತ್ತಿದ್ದಾನೆ ಸ್ವಾಮಿ, ಅಷ್ಟು ದೂರವೂ ಇಲ್ಲ.

ರವೀಂದ್ರ ತಂದದ್ದು ಚೆಂದ, ಸುಳ್ಳು ಹೇಳಬಾರದು, ಬಣ್ಣ ಬಣ್ಣದ ಗುಂಡಿ, ಗುಟ್ಟಿನ ಪದ ಕುಟ್ಟಿದರೆ ಮಾತ್ರ ತೆರೆಯುವ ಬೀಗ, ಆ ಪದ ಸೆಕ್ರೆಟರಿಯವರೊಬ್ಬರಿಗೇ. ಆಪರೇಟರು ಹೆಸರು ಕುಟ್ಟಬೇಕು, ಪ್ರಿಂಟರಿನಿಂದ ಕಟಾವಿನ ಚೀಟಿ ಬರುತ್ತದೆ, ನಡುವೆ ಏನಾಯಿತು ಎಂದು ನೋಡುವಂತಿಲ್ಲ. ಕೋಷ್ಟಕ ಎಲ್ಲಿ ಅಂತ ಕೇಳಿದೆ, ಒಳಗಿರುತ್ತೆ ಮೇಡಂ. ಎಡಗಡೆ ಸಾಲಿನ ನಂಬರು ಎಲ್ಲಿ, ಅದು ಬೇಡದ ಕಾಲಂ ಮೇಡಂ, ಸ್ಕ್ರೀನ್ ಕ್ಲೀನಾಗಿ ಕಾಣ್ಲಿ ಅಂತ ತೆಗೆದ್ವಿ. ಆಮೇಲೆ ಎರಡು ಸಾವಿರನೇ ಇಸವಿಯ ಭಯ ಹುಟ್ಟಿಸಿದ, ಹಳೇ ಪ್ರೋಗ್ರಾಮೆಲ್ಲ ಆ ಮಧ್ಯರಾತ್ರಿ ನಿಂತುಹೋಗುತ್ತವೆ ಸಾರ್, ಬ್ಯಾಂಕು, ವಿಮಾನ, ಕರೆಂಟು, ಚಿಕ್ಕಸ್ವಾಮಿಯವರು ಬಾಯಲ್ಲಿದ್ದ ಎಲೆ ಅಡಿಕೆ ಒಂದು ಕಡೆಗೆ ಸರಿಸಿ, ಕಬ್ಬೂ ನಿಂತೋಯ್ತದ? ಎಂದು ಕೇಳಿದರು, ನಾಗರಾಜು ನಕ್ಕ, ಅವರು ತಿರುಗಿ ನೋಡಿದ್ದಕ್ಕೆ ಕೆಮ್ಮಿದ. ನಿಂತಿದೆಯಲ್ಲ ಕಬ್ಬು, ಎರಡು ಸಾವಿರ ಬರುವ ಮೊದಲೇ ನಿಂತಿದೆ, ನಮ್ಮ ಕೊನೇ ಬೀದಿಯವರ ಕಬ್ಬು ಪ್ರತಿವರ್ಷ ನಿಂತೇ ಇರುತ್ತದೆ, ಊರಿನವರದೆಲ್ಲ ಕಡಿದು ಗದ್ದೆ ಬಯಲಾಗಿ ಕೂಳೆ ಚಿಗುರುವ ಹೊತ್ತಿಗೆ ನಮ್ಮದು ನೆತ್ತಿಯ ಮೇಲೆ ಬೆಳ್ಳಗೆ ಸೂಲಂಗಿ ಹೊಡೆದುಕೊಂಡು, ಹೂ ಬಿಟ್ಟ ಕಬ್ಬೆಂದರೆ ಒಳಗೆ ಬೆಂಡು. ಎರಡು ವರ್ಷದ ಹಿಂದೆ ದೀಪಾವಳಿಗೆ ಸಿನಿಮಾದವರು ವ್ಯಾನಿನಲ್ಲಿ ಬಂದರು, ಇಡೀ ಬಯಲಲ್ಲಿ ಸೂಲಂಗಿ ಉಳಿದಿದ್ದು ನಮ್ಮ ಗದ್ದೆಯೊಂದರಲ್ಲೇ, ಅದರ ನಡುವೆ ಒಬ್ಬಳನ್ನು ಕುಣಿಸಿದರು, ಅಪ್ಪ ಬದುವಿನ ಮೇಲೆ ಕೂತು ಅವರು ಕೊಟ್ಟ ಟೀ ಕುಡಿಯುತ್ತ, ನೋಡವ್ವ, ದೊಡ್ಡಮನೇವ್ರು ಎಷ್ಟು ಬೆಳುದ್ರೇನು, ಅವ್ರ ಕಬ್ಬಿಗೆ ಈ ಯೋಗ ಬತ್ತದಾ ಅಂದ, ನಗಲಿಲ್ಲ, ಅಪ್ಪ ತಮಾಷೆ ಮಾಡುವಾಗ ನಗುವುದಿಲ್ಲ, ಟೀ ಮುಗಿಸಿ ಲೋಟವನ್ನು ತಾನೇ ಕಾಲುವೆಯಲ್ಲಿ ತೊಳೆದು ಕೊಟ್ಟ, ಯಾರೂ ಹೇಳಿರಲಿಲ್ಲ, ಸಿನಿಮಾದವರು ಬೇಡ ಬೇಡ ಎಂದರು, ಕೈ ತಾನೇ ತೊಳೆಯಿತು.

ಯಾಕೆ ನಮ್ಮದು ಕೊನೆಗೆ? ಕೇಳಿದರೆ ಉತ್ತರ ಸಿದ್ಧ, ಮಿಷನ್ ಮಾಡಿದ್ದು ಕಣಮ್ಮ, ನಾವೇನ್ಮಾಡಾನ. ನಾಟಿ ಯಾರದು ಮೊದಲೋ ಕಟಾವು ಅವರದು ಮೊದಲು, ಇದು ನಿಯಮ, ಗೋಡೆಗೆ ಅಂಟಿಸಿದ್ದಾರೆ, ತಕರಾರಿಲ್ಲ. ಆದರೆ ನಮ್ಮ ಕಡೆ ಯಾರು ತಾರೀಕು ಹೇಳುತ್ತಾರೆ, ನಾಟಿ ಯಾವಾಗ ಅಂದರೆ ಮಳೆಯ ಹೆಸರು ಹೇಳುತ್ತಾರೆ, ಪುನರ್ವಸು ಮಳೆ, ಪುಷ್ಯ ಮಳೆ, ಮಖೆ ಮಳೆ, ಕಾಲುವೆಗೆ ನೀರು ಬಿಟ್ಟ ಮೇಲೆ ಇಡೀ ಊರು ಪುಷ್ಯದಲ್ಲೇ ನಾಟಿಗೆ ಇಳಿಯುತ್ತದೆ, ಒಂದೊಂದು ಮಳೆಯೂ ಎರಡು ವಾರದ್ದು, ಅದಕ್ಕೆ ನಾಲ್ಕು ಪಾದ, ಮೊದಲ ಪಾದಕ್ಕೂ ಕೊನೇ ಪಾದಕ್ಕೂ ನಡುವೆ ಪೈರು ಒಂದು ಗೇಣು ಏಳುತ್ತದೆ. ನಾಗರಾಜು ಬರೆದುಕೊಳ್ಳಲು ಬರುತ್ತಾನೆ, ಮಿಷನ್ನು ತಾರೀಕು ಕೇಳುತ್ತದೆ, ಪುಷ್ಯ ಅಂದವರಿಗೆಲ್ಲ ಪುಷ್ಯ ಹುಟ್ಟಿದ ದಿನವನ್ನೇ ಹಾಕುತ್ತಾನೆ, ಇಪ್ಪತ್ತು, ಏಳು, ತೊಂಬತ್ತೇಳು, ಊರಿಗೆ ಊರೇ ಒಂದೇ ದಿನ ಸೊಂಟ ಬಗ್ಗಿಸಿ ನಾಟಿ ಮುಗಿಸಿತು, ಆಳುಗಳು ಎಲ್ಲಿ ಸಿಕ್ಕರೋ. ತಾರೀಕು ಒಂದೇ ಆದಾಗ ಮಿಷನ್ನು ಏನು ಮಾಡುತ್ತದೆ, ಬಂದ ಸಾಲಿನಲ್ಲೇ ಬಿಡುತ್ತದೆ, ಮೊದಲು ಬರೆದವರು ಮೊದಲು. ಬರೆಯುವ ಸಾಲು ಹೇಗೆ? ಅದನ್ನು ನಾನು ಈ ಪುಗಸಟ್ಟೆ ಕಿಟಕಿಯಲ್ಲೇ ನೋಡಿದ್ದು, ಎಡಗಡೆ ಸಾಲಿನ ನಂಬರು, ಬಲಗಡೆ ಹೆಸರು, ಬೆರಳಿಟ್ಟು ಇಳಿಯುತ್ತ ಹೋದರೆ ಅದು ಕೋಷ್ಟಕವೇ ಅಲ್ಲ, ನಾಗರಾಜುವಿನ ಸೈಕಲ್ಲು ಹೋದ ದಾರಿ: ಬಸ್ಸಿಳಿಯುವ ಕಡೆಯಿಂದ ದೊಡ್ಡಮನೆ, ಜಗಲಿ, ಕಾಫಿ, ಆಮೇಲೆ ಮೇಲಿನ ಬೀದಿ, ಅರಳೀಕಟ್ಟೆ, ಚೌಡಯ್ಯನವರ ಅಂಗಡಿ, ಮಧ್ಯದ ಬೀದಿ, ಮಧ್ಯಾಹ್ನದ ಊಟ, ಹಾಲಿನ ಡೈರಿ, ಹೊತ್ತಿಳಿದ ಮೇಲೆ ನಾವು, ನಮ್ಮ ಬೀದಿಯಲ್ಲಿ ಸೈಕಲ್ಲಿನಿಂದ ಇಳಿಯುವುದೂ ಇಲ್ಲ, ಒಂದು ಕಾಲು ನೆಲಕ್ಕೆ ಊರಿ, ಹೇಳಮ್ಮ ಬ್ಯಾಗ, ಹೊತ್ತಾಯ್ತು. ಪಾದ ಹೇಳಲು ಹೋದರೆ ಮಳೆ ಸಾಕು ಅನ್ನುತ್ತಾನೆ. ಕೆಟ್ಟವನಲ್ಲ, ಹೊತ್ತು ಮುಳುಗುತ್ತಿರುತ್ತದೆ ಪಾಪ, ಪ್ರತಿವರ್ಷ ನಮ್ಮ ಬೀದಿಗೆ ಬಂದಾಗಲೇ ಮುಳುಗುತ್ತದೆ. ಯಾರೂ ಅನ್ಯಾಯ ಮಾಡಲಿಲ್ಲ, ಅದೇ ಅದರ ಅಂದ, ಜಗಲಿ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿದರು ಅಷ್ಟೇ, ಈಗ ಅದಕ್ಕೆ ಬಣ್ಣದ ಗುಂಡಿ ಮತ್ತು ಬೀಗ, ಸ್ಕ್ರೀನ್ ಕ್ಲೀನಾಗಿ ಕಾಣಲಿ ಅಂತ.

ಅದಕ್ಕೇ ಅಂಕಣ ಸೇರಿಸಿದೆ, ಪಾದ ಅಂತ, ಒಂದಂಕಿಯ ಅಗಲದ್ದು, ಕೋಷ್ಟಕದಲ್ಲಿ ಅದಕ್ಕಿಂತ ಬಡಕಲು ಅಂಕಣ ಇನ್ನೊಂದಿಲ್ಲ. ನಮ್ಮೂರ ಸಾಲುಗಳಿಂದ ಶುರು, ಗೌರಿ ಹಬ್ಬಕ್ಕೆ ಮುಂಚೆ ಸಂಜೆ ಬಸ್ಸಿಳಿದು ಬೀದಿ ಬೀದಿ ತಿರುಗಿ ಕೇಳಿದೆ, ಎಲ್ಲ ಬೀದಿ, ನಮ್ಮದೊಂದೇ ಕೇಳಿದರೆ ಅದು ನನ್ನ ಸೈಕಲ್ಲಿನ ದಾರಿಯಾಗುತ್ತದೆ. ಯಾರೂ ಸುಳ್ಳು ಹೇಳಲಿಲ್ಲ, ಯಾಕೆ ಹೇಳಬೇಕು, ಪಾದಕ್ಕೆ ಬೆಲೆಯಿದೆ ಎಂದು ಯಾರಿಗೂ ಗೊತ್ತಿರಲಿಲ್ಲ, ನಾಟಿ ಹಾಕಿದ ಪಾದವನ್ನು ಮಗು ಹುಟ್ಟಿದ ಗಳಿಗೆ ಹೇಳಿದ ಹಾಗೆ ಹೇಳಿದರು, ನಮ್ದು ಎರಡನೇ ಪಾದ ಕಣವ್ವ, ಅವತ್ತು ನಿಮ್ಮತ್ತೆಗೆ ಚೇಳು ಕಚ್ತು ನೋಡು, ಅವತ್ತೇಯ. ದೊಡ್ಡಮನೆಗೂ ಹೋದೆ, ಜಗಲಿ ಹತ್ತಲಿಲ್ಲ, ಕೆಳಗೆ ನಿಂತೇ ಕೇಳಿದೆ, ಚಿಕ್ಕಸ್ವಾಮಿಯವರ ತಂದೆ, ಊರಿಗೆಲ್ಲ ದೊಡ್ಡ ಯಜಮಾನರು, ಕನ್ನಡಕ ಒರೆಸುತ್ತ ಕೂತಿದ್ದವರು, ಪುಷ್ಯ ಕೊನೇ ಪಾದ ಕಣವ್ವ, ಮಗ ಆಳು ಕರೆಯೋಕೆ ಓಗಿ ಪೇಟೇಲಿ ಕೂತ್ಬುಟ್ಟ, ಇನ್ನೊಂದೀಟು ಬುಟ್ಟಿದ್ರೆ ಆಶ್ಲೇಷಕ್ಕೇ ಓಯ್ತಿತ್ತು, ಅಂದು ನಕ್ಕರು, ಹಲ್ಲಿಲ್ಲದ ದೊಡ್ಡ ನಗು, ಎಷ್ಟು ಸತ್ಯ ಆ ನಗುವಿನಲ್ಲಿ, ನಾಲ್ಕು ಅಂತ ಹಾಕಿಕೊಂಡೆ. ಅಪ್ಪನಿಗೆ ಮಾತ್ರ ಕೇಳಬೇಕಾಗಿರಲಿಲ್ಲ, ಆದರೂ ಕೇಳಿದೆ, ಎಲ್ಲರನ್ನೂ ಕೇಳಿದ ಮೇಲೆ ಅವನನ್ನೂ, ಎರಡು ಅಂದ, ಒಂದು ಅಂತ ಹಾಕ್ಕಳ್ಲಾ ಅಂತ ರೇಗಿಸಿದೆ, ಅಪ್ಪನ ಮುಖ ಗಟ್ಟಿಯಾಯಿತು, ಎರಡೇ ಹಾಕವ್ವ, ನಮ್ಗೆ ಬೇರೇರ ಪಾದ ಯಾಕ.

ಫ್ರೀ ಅಲ್ವ ಮೇಡಂ, ನಿಧಾನ ಇರುತ್ತೆ, ರವೀಂದ್ರ ಕೈಗಡಿಯಾರ ನೋಡುತ್ತಾನೆ. ಇರಲಿ, ನಿಧಾನವಾಗಿ ಬರಲಿ, ನಮ್ಮ ಬೀದಿಗೆ ಬೇಗ ಬಂದದ್ದು ಯಾವುದಿದೆ — ಮೇಜಿನ ಆಚೆಗೆ ಕಿಟಕಿ, ಕಂಬಿಗಳು, ಕಂಬಿಯ ಆಚೆಗೆ ಬೆಳೆಗಾರರು, ಇವತ್ತು ಪುಷ್ಯದವರಿಗೆ ಚೀಟಿ, ಅದರ ಸಾಲಿನಲ್ಲೇ ಕಡಿಯುವ ಗ್ಯಾಂಗು ನಾಳೆಯಿಂದ ಊರೂರಿಗೆ ಹೊರಡುತ್ತದೆ, ನಾನು ಆರಿಸಿದ್ದು ಯಾವುದೋ ಚೀಟಿ ಅದರಿಂದ, ರವೀಂದ್ರನದ್ದಾದರೆ ಒಳಗಿರುವ ಕೋಷ್ಟಕ, ಇದಾದರೆ ಕಾಣುವ ಕೋಷ್ಟಕ. ಒಂದು ಮಾತು ಅಂದುಬಿಟ್ಟರೆ ಮುಂದಿನ ತಿಂಗಳು ಪರ್ಮನೆಂಟು, ಅಮ್ಮನಿಗೆ ಹೇಳಬಹುದು, ಮೇಜಿಗೆ ಕಾಫಿ ದಿನಾ ಬರಬಹುದು, ಅಪ್ಪನ ಗದ್ದೆಗೆ ಈ ಸಲವೂ ಸಿನಿಮಾದವರು ಬರಬಹುದು. ಒಂದು ಮಾತು. ನಾಲಗೆಯ ಮೇಲೆ ಇಟ್ಟು ನೋಡುತ್ತೇನೆ, ಬೆಂಡು ಕಬ್ಬು ಜಗಿದ ಹಾಗಿದೆ, ಸಿಪ್ಪೆಯೇ ಸಿಪ್ಪೆ, ಉಗಿಯಲೂ ಆಗದ ಸಭೆ — ಗಡಿಯಾರ ಹೋಯಿತು. ಬಾಣ ಬಂತು. ಕೋಷ್ಟಕ ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲಾಗಿ ತುಂಬಿಕೊಳ್ಳುತ್ತಿದೆ, ಇಪ್ಪತ್ತು ಏಳು ತೊಂಬತ್ತೇಳು, ಇಪ್ಪತ್ತು ಏಳು ತೊಂಬತ್ತೇಳು, ಒಂದೇ ಅಂಕಿ ಒಂದರ ಕೆಳಗೊಂದು ಮಳೆ ಹನಿದ ಹಾಗೆ, ಸರಿ ಮಾದೇವಿ, ನೋಡಾಯ್ತಲ್ಲ, ಹೇಳ್ಬುಡು, ಎನ್ನುತ್ತಾರೆ ಚಿಕ್ಕಸ್ವಾಮಿಯವರು, ನಾನು ಏಳುತ್ತೇನೆ, ಎದ್ದ ಮೇಲೆ ಗೊತ್ತಾಗುತ್ತದೆ ಎದ್ದಿದ್ದೇನೆಂದು, ಎರಡೂ ಕೈಯಿಂದ ಮಾನಿಟರನ್ನು ಅಪ್ಪಿ ಎತ್ತುತ್ತೇನೆ, ಎಷ್ಟು ಭಾರ, ಬಿತ್ತನೆ ಕಬ್ಬಿನ ಹೊರೆ ಹೊತ್ತವಳಿಗೆ ಎಂಥ ಭಾರ, ಹಿಂದಿನ ವೈರು ಎಳೆದಾಡಿತು, ಮೇಡಂ ಮೇಡಂ ಹುಷಾರು ಅಂದ ರವೀಂದ್ರ, ಕಿಟಕಿಯ ಕಡೆಗೆ ಅರ್ಧ ತಿರುಗಿಸಿ ಇಡುತ್ತೇನೆ, ಅವರಿಗೂ ಕಾಣುವ ಹಾಗೆ ನನಗೂ ಕಾಣುವ ಹಾಗೆ.

ಕಂಬಿಯಾಚೆಯ ತಲೆಗಳೆಲ್ಲ ಕಿಟಕಿಗೆ ಒತ್ತರಿಸಿದವು. ಮುಂದಿದ್ದವಳು ದ್ಯಾವಮ್ಮ, ನಮ್ಮ ಬೀದಿಯವಳು, ಗಂಡ ಹೋದ ಮೇಲೆ ತಾನೇ ನಿಂತು ಬೆಳೆಯುವವಳು, ಓದು ಬಾರದು, ಅಂಕಿ ಬರುತ್ತದೆ, ಏನವ್ವ ಮಾದೇವಿ, ಟೀವಿ ತೋರುಸ್ತೀಯ ಅಂತಾಳೆ, ಹಿಂದೆ ಯಾರೋ ನಗುತ್ತಾರೆ, ಚಿತ್ರ ಬರಾಕಿಲ್ವ ಇದ್ರಲ್ಲಿ, ಬರ್ತದೆ ಚಿಕ್ಕವ್ವ, ನೀನೇ ಬರ್ತೀಯ, ನೋಡು ಅಂದೆ. ಮೇಲೆ ದೊಡ್ಡಮನೆ ತೋರಿಸಿದೆ, ಇಳಿದೆ, ಇಳಿದೆ, ಅರಳೀಕಟ್ಟೆ, ಅಂಗಡಿ, ಡೈರಿ, ತಳದಲ್ಲಿ ಅವಳು, ಅವಳ ಕೆಳಗೆ ಅಪ್ಪ. ಇದು ನಿಂದು, ಅದು ಅವರದು. ದ್ಯಾವಮ್ಮ ಕಣ್ಣು ಕಿರಿದು ಮಾಡಿ ನೋಡಿದಳು, ಮೇಲೆ ನೋಡಿದಳು, ಕೆಳಗೆ ನೋಡಿದಳು, ಇದೇನವ್ವ, ಅವ್ರ್‌ದೂ ಇದೇ ಅಂಕಿ ನಂದೂ ಇದೇ ಅಂಕಿ, ನಾನು ನಾಟಿ ಹಾಕ್ದಾಗ ಅವ್ರ ಗದ್ದೆ ಇನ್ನೂ ಉತ್ತಿರ್ನಿಲ್ವಲ್ಲ. ಬಾಗಿಲ ಕಡೆಯಿಂದ ನಾಗರಾಜು, ಮಳೆ ಒಂದೇ ಅಲ್ವಮ್ಮ, ಎಲ್ಲಾರ್‌ದೂ ಪುಷ್ಯಾನೇ ಅಂತ ಹಾಕ್ಕಂಡಿವ್ನಿ. ದ್ಯಾವಮ್ಮ ಜೋರು ಮಾಡಲಿಲ್ಲ, ಮಳೆ ಒಂದೇ ಕಣಪ್ಪ, ಪಾದ ಬ್ಯಾರೆ, ನಾನು ಅದ್ನ ಹೇಳಕ್ಕೆ ಬಂದಾಗ ನೀನು ಪೆಡ್ಲು ತುಳ್ಕಂಡು ಓಯ್ತಿದ್ದಲ್ಲ. ನಾನು ಬಾಣವನ್ನು ಆ ಬಡಕಲು ಅಂಕಣದ ನೆತ್ತಿಗೆ ಒಯ್ದು ಒತ್ತಿದೆ, ಸಾಲುಗಳು ಎದ್ದವು, ಒಂದು ಕ್ಷಣ ಎಲ್ಲ ಕಲಸಿಹೋಯಿತು, ದೊಡ್ಡಮನೆ ಇಳಿಯಿತು, ಅಪ್ಪ ಎಲ್ಲೋ ನಡುವೆ ಹೋಗಿ ನಿಂತ, ಅವನ ಪಾದದಲ್ಲೇ, ಮೇಲಕ್ಕೂ ಅಲ್ಲ ಕೆಳಕ್ಕೂ ಅಲ್ಲ, ಬೀದಿಗಳೆಲ್ಲ ಬೆರೆತುಹೋದವು, ಈ ಸಾಲಿನ ಮೇಲೆ ಸೈಕಲ್ಲು ತುಳಿಯುತ್ತೀನಿ ಅಂದರೆ ನಾಗರಾಜುವಿಗೆ ದಾರಿಯೇ ಸಿಗುವುದಿಲ್ಲ. ಉಳಿಸಲೇ, ಬೇಡವೇ ಎಂದು ಚಿಕ್ಕ ಚೌಕ ಬಂದು ಕೇಳುತ್ತದೆ. ಮಾದೇವಿ, ಪರದೆ ಈ ಕಡಿಕೆ ತಿರುಗ್ಸು, ಚಿಕ್ಕಸ್ವಾಮಿಯವರ ದನಿ ಮೆಲ್ಲಗಿದೆ, ಮೆಲ್ಲಗಿದ್ದಾಗಲೇ ಹೆದರಬೇಕಾದ್ದು, ಯಾಕೋ ಹೆದರಿಕೆ ಬರುತ್ತಿಲ್ಲ, ಎಲ್ಲಿ ಹೋಯಿತು, ಬೆಳಗ್ಗೆ ಕಾಫಿ ಕುಡಿಯುವಾಗ ಇತ್ತಲ್ಲ. ಕೊನೇ ಪಾದ ಅಂತ ನಿಮ್ಮ ಅಪ್ಪಾರೇ ಹೇಳಿದ್ದು ಸಾರ್, ಬೇಕಾದ್ರೆ ಮನೆಗೋಗಿ ಕೇಳಿ, ನಾನು ಆರಿಸಿರೋದು ಇದನ್ನೇ. ಇಷ್ಟೂ ಹೊರಗೇ ಹೇಳಿದೆನೋ, ಹೌದು, ಹೊರಗೇ, ರವೀಂದ್ರ ಟೈ ಸಡಿಲಿಸುತ್ತಿದ್ದಾನೆ. ಹೌದು ಎಂಬ ಗುಂಡಿ ಒತ್ತಿದೆ, ಚೌಕ ಮುಚ್ಚಿತು, ಬೇರೇನೂ ಆಗಲಿಲ್ಲ, ಫ್ಯಾನು ತಿರುಗುತ್ತಿದೆ, ಕಮಿಟಿ ಮುಂದಿನ ತಿಂಗಳು ಏನು ಬರೆಯುತ್ತದೋ ಬರೆಯಲಿ, ತೆಗೆದರೆ ತೆಗೆಯಲಿ, ಸೇರಿಸಿದ ಅಂಕಣವನ್ನು ಯಾರಾದರೂ ಅಳಿಸಬೇಕಾದರೆ ಇವರೆಲ್ಲರ ಕಣ್ಣ ಮುಂದೆ ಅಳಿಸಬೇಕು, ಕಂಡಾಗಿದೆ, ಕಂಡದ್ದನ್ನು ಹೇಗೆ ಒಳಗಿಡುತ್ತಾರೆ — ಈಗ ನಾನೆಲ್ಲಿದ್ದೀನವ್ವ ಅಂತಾಳೆ ದ್ಯಾವಮ್ಮ, ಮೇಲೆ ಚಿಕ್ಕವ್ವ, ಮೊದಲ್ನೇ ಪಾದ ನಿಂದೊಂದೇ, ಎಲ್ಲಾರ್‌ಗಿಂತ ಮೇಲೆ, ಕಂಬಿಗಳ ನಡುವೆ ಒಂದು ಕೈ ಬಂತು, ಮೊಣಕೈವರೆಗೂ ಬಂತು, ಬೆರಳು, ಕಬ್ಬಿನ ಗರಿ ಕೊಯ್ದ ಗೀರುಗಳ ಬೆರಳು, ಗಾಜನ್ನು ಮುಟ್ಟಿತು, ಮೊದಲ ಸಾಲಿನ ಮೇಲೆ, ಇದಾ, ಹೂಂ ಅದೇ, ಇದೇಯಾ, ಅದೇ, ಚಿಕ್ಕಸ್ವಾಮಿಯವರು ಏನೋ ಅಂದರು, ಹಿಂದೆ ಯಾರೋ ನೂಕಿದರು, ತೆಗೆಯಮ್ಮ ಕೈಯ ಎಂದು ಯಾರೋ, ಬೆರಳು ತೆಗೆಯಲಿಲ್ಲ, ಗಾಜಿನ ಮೇಲೆ ಬೆರಳು, ಬೆರಳಿನ ಸುತ್ತ ಬೆವರಿನ ಆವಿ, ಗೀರುಗಳ ನಡುವೆ ಪರದೆಯ ಬಿಳಿ ಬೆಳಕು, ಅವಳ ಹೆಸರಿನ ಮೇಲೆ ಅವಳದೇ ಬೆರಳು.